ಕೇಳುತ್ತಿರುವವರು ಯಾರು? ಎಮ್ಯುಲೇಟರ್ ಮರೆತ ಒಂದು ಪ್ರಶ್ನೆ



ಕಂಪ್ಯೂಟರ್ ಲ್ಯಾಬಿನಲ್ಲಿ ವಿಂಡೋಸ್ ಯಂತ್ರದ ಒಳಗೆ ಒಂದು ಕಿಟಕಿ ತೆರೆದು, ಅದರಲ್ಲಿ ಲಿನಕ್ಸ್ ಓಡಿಸಿ ತೋರಿಸಿದಾಗಲೆಲ್ಲ ನಿಮ್ಮಲ್ಲಿ ಒಬ್ಬರಾದರೂ ನನ್ನಲ್ಲಿ ಈ ಪ್ರಶ್ನೆ ಕೇಳುತ್ತೀರಿ: "ಸರ್, ಒಳಗಿನ ಲಿನಕ್ಸ್‌ಗೆ ವೈರಸ್ ಬಂದರೆ ಹೊರಗಿನ ಯಂತ್ರಕ್ಕೂ ಬರುತ್ತದೆಯೇ?" ತರಗತಿಯಲ್ಲಿ ಸಮಯ ಸಾಲುವುದಿಲ್ಲ. "ಸಾಮಾನ್ಯವಾಗಿ ಬರುವುದಿಲ್ಲ" ಎಂದು ಹೇಳಿ ಪಾಠ ಮುಂದುವರಿಸಬೇಕಾಗುತ್ತದೆ. ಆದರೆ ಆ "ಸಾಮಾನ್ಯವಾಗಿ" ಎಂಬ ಪದದ ಹಿಂದೆ ಒಂದು ದೊಡ್ಡ ಪಾಠವಿದೆ. ಅದನ್ನು ಈ ಸಂಚಿಕೆಯಲ್ಲಿ ನಿಧಾನವಾಗಿ ನೋಡೋಣ. ಪ್ರೊಸೆಸರ್ ತಾನಾಗಿ ಮಾಡುತ್ತಿದ್ದ ಕಾವಲನ್ನು ಪ್ರೋಗ್ರಾಂ ವಹಿಸಿಕೊಂಡಾಗ ಏನು ತಪ್ಪಬಹುದು ಎಂಬುದಕ್ಕೆ 2009ರ ಒಂದು ನಿಜ ಪ್ರಕರಣವನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಪ್ರೊಸೆಸರ್ ಒಳಗಿನ ದರ್ಜೆಗಳು

ನಮ್ಮ ಕಾಲೇಜಿನ ಕಚೇರಿಯನ್ನೇ ನೆನಪಿಸಿಕೊಳ್ಳಿ. ದಾಖಲಾತಿ ಪುಸ್ತಕವನ್ನು ತಿದ್ದುವ ಅಧಿಕಾರ ಕಚೇರಿಯವರಿಗೆ ಇದೆ. ವಿದ್ಯಾರ್ಥಿಗೆ ಇಲ್ಲ. ವಿದ್ಯಾರ್ಥಿಗೆ ತಿದ್ದುಪಡಿ ಬೇಕಾದರೆ ಕಿಟಕಿಯ ಬಳಿ ಬಂದು ಅರ್ಜಿ ಕೊಡಬೇಕು. ಅರ್ಜಿ ಸರಿಯಿದ್ದರೆ ಒಳಗಿನವರು ತಿದ್ದುತ್ತಾರೆ.

ಇಂಟೆಲ್ ಕಂಪನಿ 1982ರಲ್ಲಿ ಹೊರತಂದ 80286 ಪ್ರೊಸೆಸರ್‌ನಲ್ಲಿ ಇದೇ ಬಗೆಯ ವ್ಯವಸ್ಥೆ ಬಂತು. ಅದರಲ್ಲಿ ಅಧಿಕಾರದ ನಾಲ್ಕು ದರ್ಜೆಗಳಿವೆ. ಅವುಗಳಿಗೆ ರಿಂಗ್ 0, 1, 2, 3 ಎಂದು ಹೆಸರು. ಸಂಖ್ಯೆ ಚಿಕ್ಕದಾದಷ್ಟೂ ಅಧಿಕಾರ ಹೆಚ್ಚು. ಇಂದಿನ ವಿಂಡೋಸ್ ಮತ್ತು ಲಿನಕ್ಸ್ ಮುಖ್ಯವಾಗಿ ಎರಡನ್ನೇ ಬಳಸುತ್ತವೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ರಿಂಗ್ 0ರಲ್ಲಿ ಓಡುತ್ತದೆ. ನೀವು ಬರೆಯುವ ಪೈಥಾನ್ ಪ್ರೋಗ್ರಾಂ, ಬ್ರೌಸರ್, ಆಟ ಎಲ್ಲವೂ ರಿಂಗ್ 3ರಲ್ಲಿ ಓಡುತ್ತವೆ. ಈ ಕ್ಷಣ ಓಡುತ್ತಿರುವ ಸೂಚನೆ ಯಾವ ದರ್ಜೆಯದು ಎಂಬುದನ್ನು ಪ್ರೊಸೆಸರ್ ಎರಡು ಬಿಟ್‌ಗಳಲ್ಲಿ ನೆನಪಿಟ್ಟುಕೊಂಡಿರುತ್ತದೆ. ಎರಡು ಬಿಟ್ ಎಂದರೆ 00ರಿಂದ 11ರವರೆಗೆ ನಾಲ್ಕು ಬೆಲೆಗಳು, ಅಂದರೆ ನಾಲ್ಕು ದರ್ಜೆಗಳು. ಇದನ್ನು ಪ್ರಸ್ತುತ ಅಧಿಕಾರ ಮಟ್ಟ ಎಂದು ಕರೆಯೋಣ.

ಈ ಎರಡು ಬಿಟ್‌ಗಳಿಂದ ಎರಡು ರೀತಿಯ ಕಾವಲು ನಡೆಯುತ್ತದೆ. ಒಂದು, ಸೂಚನೆಗಳ ಮೇಲಿನ ಕಾವಲು. ಯಂತ್ರವನ್ನು ನಿಲ್ಲಿಸುವ, ಮೆಮೊರಿಯ ನಕ್ಷೆಯನ್ನು ಬದಲಿಸುವಂತಹ ಸೂಚನೆಗಳನ್ನು ರಿಂಗ್ 3ರ ಪ್ರೋಗ್ರಾಂ ಕೊಟ್ಟರೆ ಪ್ರೊಸೆಸರ್ ಪಾಲಿಸುವುದಿಲ್ಲ. ತಕ್ಷಣ ಕೆಲಸ ನಿಲ್ಲಿಸಿ ಕರ್ನಲ್‌ಗೆ ದೂರು ಕೊಡುತ್ತದೆ. ಎರಡು, ಮೆಮೊರಿಯ ಮೇಲಿನ ಕಾವಲು. ಮೆಮೊರಿಯ ಪ್ರತಿಯೊಂದು ಪುಟಕ್ಕೂ "ಇದು ಕರ್ನಲ್‌ನದು" ಅಥವಾ "ಇದನ್ನು ಬಳಕೆದಾರ ಮುಟ್ಟಬಹುದು" ಎಂಬ ಒಂದು ಗುರುತಿನ ಬಿಟ್ ಇರುತ್ತದೆ. ಬಳಕೆದಾರನ ಪ್ರೋಗ್ರಾಂ ಕರ್ನಲ್‌ನ ಪುಟವನ್ನು ಓದಲು ಹೋದರೆ ಅಲ್ಲಿಯೂ ತಡೆ. ಸಿ ಪ್ರೋಗ್ರಾಂನಲ್ಲಿ ಪಾಯಿಂಟರ್ ದಾರಿ ತಪ್ಪಿದಾಗ "ಸೆಗ್ಮೆಂಟೇಷನ್ ಫಾಲ್ಟ್" ಎಂದು ಬರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನಿಮ್ಮ ಪ್ರೋಗ್ರಾಂ ಸತ್ತರೂ ಪಕ್ಕದ ಪ್ರೋಗ್ರಾಂ ಬದುಕಿ ಉಳಿಯುವುದು ಈ ಕಾವಲಿನಿಂದ.

ಇಲ್ಲಿ ಒಂದು ಮಾತನ್ನು ಗುರುತು ಹಾಕಿಟ್ಟುಕೊಳ್ಳಿ. ಈ ಪರೀಕ್ಷೆಯನ್ನು ಮಾಡುವುದು ಪ್ರೊಸೆಸರ್‌ನ ಹಾರ್ಡ್‌ವೇರ್. ಅದಕ್ಕೆ ಮರೆವಿಲ್ಲ, ಬೇಸರವಿಲ್ಲ. ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ಅದು ಅದೇ ಪ್ರಶ್ನೆ ಕೇಳುತ್ತದೆ: ಕೇಳುತ್ತಿರುವವರು ಯಾರು?

ಯಂತ್ರದೊಳಗೊಂದು ಯಂತ್ರ

ಈಗ ವರ್ಚುವಲ್ ಮೆಷಿನ್‌ಗೆ ಬರೋಣ. ಒಂದು ನಿಜವಾದ ಕಂಪ್ಯೂಟರ್‌ನಲ್ಲಿ ಹಲವು ಕಂಪ್ಯೂಟರ್‌ಗಳಿರುವಂತೆ ತೋರಿಸುವ ತಂತ್ರ ಇದು. ಹೊರಗಿನ ಯಂತ್ರವನ್ನು ಹೋಸ್ಟ್ ಎನ್ನುತ್ತಾರೆ. ಒಳಗಿನದು ಗೆಸ್ಟ್, ಅಂದರೆ ಅತಿಥಿ. ಅತಿಥಿಗಳನ್ನು ನಡೆಸುವ ಪ್ರೋಗ್ರಾಂ ಹೈಪರ್‌ವೈಸರ್. ಪ್ರತಿಯೊಂದು ಅತಿಥಿಗೂ ತನ್ನದೇ ಕರ್ನಲ್, ತನ್ನದೇ ಪ್ರೋಗ್ರಾಂಗಳು. ಇಡೀ ಯಂತ್ರ ತನ್ನದೇ ಎಂಬ ಭಾವನೆ ಅದಕ್ಕೆ.

ಇದು ಹೊಸ ವಿದ್ಯೆಯೇನಲ್ಲ. ಐಬಿಎಂ ಕಂಪನಿ ತನ್ನ ದೊಡ್ಡ ಯಂತ್ರಗಳಲ್ಲಿ 1960ರ ದಶಕದಲ್ಲೇ ಇದನ್ನು ಮಾಡಿತ್ತು. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪ್ರಬಂಧದಲ್ಲಿ ಇದರ ನಿಯಮಗಳನ್ನು ಬರೆದಿಟ್ಟರು. ಅವರು ಹೇಳಿದ ಮೂರು ಲಕ್ಷಣಗಳನ್ನು ಸರಳವಾಗಿ ಹೀಗೆ ಹೇಳಬಹುದು.

ಒಂದು, ಒಳಗಿನ ಪ್ರೋಗ್ರಾಂ ನಿಜ ಯಂತ್ರದಲ್ಲಿ ಹೇಗೆ ನಡೆದುಕೊಳ್ಳುತ್ತದೋ ಇಲ್ಲಿಯೂ ಹಾಗೆಯೇ ನಡೆದುಕೊಳ್ಳಬೇಕು.
ಎರಡು, ಯಂತ್ರದ ಸಂಪನ್ಮೂಲಗಳ ಮೇಲಿನ ಪೂರ್ತಿ ಹಿಡಿತ ಹೈಪರ್‌ವೈಸರ್‌ನ ಕೈಯಲ್ಲೇ ಇರಬೇಕು.
ಮೂರು, ಬಹುಪಾಲು ಸೂಚನೆಗಳು ಹೈಪರ್‌ವೈಸರ್ ನಡುವೆ ಬಾರದೆ ನೇರವಾಗಿ ಪ್ರೊಸೆಸರ್‌ನಲ್ಲೇ ಓಡಬೇಕು. ಆಗ ಮಾತ್ರ ವೇಗ ಉಳಿಯುತ್ತದೆ.

ಇವನ್ನು ಸಾಧಿಸುವ ಉಪಾಯ ಹೀಗಿದೆ. ಸಾಮಾನ್ಯ ಸೂಚನೆಗಳು ನೇರವಾಗಿ ಓಡಲಿ. ಅತಿಥಿಯು ಸೂಕ್ಷ್ಮವಾದ ಕೆಲಸಕ್ಕೆ ಕೈಹಾಕಿದಾಗ ಮಾತ್ರ ಪ್ರೊಸೆಸರ್ ತಡೆದು ಹೈಪರ್‌ವೈಸರ್‌ಗೆ ಒಪ್ಪಿಸಲಿ. ಹೈಪರ್‌ವೈಸರ್ ಆ ಕೆಲಸವನ್ನು ತಾನೇ ಮಾಡಿದಂತೆ ಅನುಕರಿಸಿ, ಫಲಿತಾಂಶವನ್ನು ಅತಿಥಿಗೆ ಕೊಟ್ಟು ಮುಂದೆ ಕಳುಹಿಸಲಿ. ಹೀಗೆ ಅನುಕರಿಸುವುದಕ್ಕೇ ಎಮ್ಯುಲೇಶನ್ ಎಂದು ಹೆಸರು.

ನಮ್ಮ ಮನೆ ಮನೆಗಳಲ್ಲಿರುವ ಇಂಟೆಲ್ ಜಾತಿಯ ಪ್ರೊಸೆಸರ್‌ಗಳಲ್ಲಿ ಇದು ಬಹುಕಾಲ ಸುಲಭವಿರಲಿಲ್ಲ. ಅವುಗಳಲ್ಲಿ 17 ಸೂಕ್ಷ್ಮ ಸೂಚನೆಗಳು ಕಡಿಮೆ ಅಧಿಕಾರದಲ್ಲಿ ಓಡಿದರೂ ದೂರು ಕೊಡುವುದಿಲ್ಲವೆಂದು 2000ದಲ್ಲಿ ಒಂದು ಅಧ್ಯಯನ ಪಟ್ಟಿ ಮಾಡಿತು. ಕೆಲವು ಸದ್ದಿಲ್ಲದೆ ಏನನ್ನೂ ಮಾಡದೆ ಮುಂದೆ ಹೋಗಿಬಿಡುತ್ತಿದ್ದವು. ದೂರೇ ಬಾರದಿದ್ದರೆ ಹೈಪರ್‌ವೈಸರ್ ಅನುಕರಿಸುವುದು ಏನನ್ನು? 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ತಮ್ಮ ಪ್ರೊಸೆಸರ್‌ಗಳಿಗೆ ವರ್ಚುವಲೈಸೇಶನ್ ಬೆಂಬಲವನ್ನು ಸೇರಿಸಿದ ಮೇಲೆ ದಾರಿ ಸುಗಮವಾಯಿತು. ಅದರ ಪ್ರಕಾರ ಅತಿಥಿಗೆ ತನ್ನದೇ ಆದ ರಿಂಗ್ 0ರಿಂದ 3 ಇರುತ್ತವೆ. ಅವೆಲ್ಲಕ್ಕೂ ಮೇಲೆ ಹೋಸ್ಟ್ ಇರುತ್ತದೆ.

ಈಗ ಲೆಕ್ಕ ಮಾಡಿ ನೋಡಿ. ಕಾಯಬೇಕಾದ ಗಡಿಗಳು ಎರಡಾದವು. ಅತಿಥಿಯ ಒಳಗೆ ಬಳಕೆದಾರ ಮತ್ತು ಕರ್ನಲ್ ನಡುವಿನ ಗಡಿ ಒಂದು. ಅತಿಥಿ ಮತ್ತು ಹೋಸ್ಟ್ ನಡುವಿನ ಗಡಿ ಇನ್ನೊಂದು. ವರ್ಚುವಲ್ ಮೆಷಿನ್‌ನ ಸುರಕ್ಷತೆ ಎಂದಾಗ ನಾವು ಎರಡನೆಯದನ್ನೇ ಯೋಚಿಸುತ್ತೇವೆ. ಮೊದಲನೆಯದನ್ನು ಮರೆಯುತ್ತೇವೆ. ಮುಂದೆ ಹೇಳುವ ಪ್ರಕರಣ ಆ ಮೊದಲನೆಯ ಗಡಿಯದು.

ದುಭಾಷಿಯ ಕೆಲಸ

ನಮ್ಮ ತರಗತಿಯಲ್ಲಿ ಮನೆಮಾತು ಬ್ಯಾರಿ, ತುಳು, ಅರೆಭಾಷೆ, ಮಲಯಾಳ, ಕೊಂಕಣಿ ಹೀಗೆ ಹಲವು. ಹಾಗಾಗಿ ದುಭಾಷಿಯ ಕೆಲಸ ನಿಮಗೆ ಹೊಸತಲ್ಲ. ಎಮ್ಯುಲೇಟರ್ ಕೂಡ ಒಬ್ಬ ದುಭಾಷಿಯೇ. ಒಂದು ಯಂತ್ರದ ಸೂಚನೆಯನ್ನು ಓದಿ, ಅರ್ಥ ಮಾಡಿಕೊಂಡು, ಇನ್ನೊಂದು ಕಡೆ ನಡೆಸಿಕೊಡುವುದು ಅದರ ಕೆಲಸ.

ಸುಳ್ಯದ ಕಡೆಯ ಒಂದು ಅಡಿಕೆ ತೋಟಕ್ಕೆ ಹಿಂದಿ ಮಾತ್ರ ಬಲ್ಲ ಕೆಲಸಗಾರರು ಬಂದಿದ್ದಾರೆ ಎಂದುಕೊಳ್ಳಿ. ಮನೆಯವರಿಗೆ ಹಿಂದಿ ಬಾರದು. ನಡುವೆ ಒಬ್ಬ ದುಭಾಷಿ ಇದ್ದಾನೆ. ಯಜಮಾನರು "ಬಾವಿಯ ಹತ್ತಿರದ ಒಣ ಮರ ಕಡಿಯಲಿ" ಎಂದರೆ ಅವನು ಹಿಂದಿಯಲ್ಲಿ ಹೇಳುತ್ತಾನೆ, ಮರ ಬೀಳುತ್ತದೆ. ಮರುದಿನ ಮನೆಯ ಸಣ್ಣ ಹುಡುಗ ಆಟಕ್ಕೆ "ಆ ಸಾಲಿನ ಅಡಿಕೆ ಮರ ಎಲ್ಲ ಕಡಿಯಲಿ" ಎನ್ನುತ್ತಾನೆ. ದುಭಾಷಿ ಅದನ್ನೂ ಒಂದಕ್ಷರ ತಪ್ಪಿಲ್ಲದೆ ಹಿಂದಿಯಲ್ಲಿ ಹೇಳುತ್ತಾನೆ. ಫಲ ಕೊಡುವ ಸಾಲು ನೆಲಕ್ಕೆ ಬೀಳುತ್ತದೆ. ಅವನ ಅನುವಾದದಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ಮಾತನ್ನು ಅವನು ಸರಿಯಾಗಿ ದಾಟಿಸಿದ. ಆದರೆ ಮಾತು ಯಾರದು ಎಂದು ಕೇಳಲಿಲ್ಲ.

ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

2009ರ ಪ್ರಕರಣ

ಎಮ್ಯುಲೇಟರ್‌ಗಳಲ್ಲಿ ಬಹಳ ಹೆಸರಾದದ್ದು ಕ್ಯೂಎಂಯು. ಫ್ರಾನ್ಸಿನ ಫಾಬ್ರೀಸ್ ಬೆಲ್ಲಾರ್ 2003ರಲ್ಲಿ ಅದನ್ನು ಹೊರತಂದರು. ಆಂಡ್ರಾಯ್ಡ್ ಆ್ಯಪ್ ಬರೆಯುವವರು ಕಂಪ್ಯೂಟರ್‌ನಲ್ಲಿ ಫೋನ್ ಓಡಿಸಿ ನೋಡುವ ಎಮ್ಯುಲೇಟರ್ ಇದರ ಮೇಲೆ ಕಟ್ಟಿದ್ದೇ. ಕ್ಯೂಎಂಯು ಒಂದೇ ಎಲ್ಲ ಸೂಚನೆಗಳನ್ನೂ ಅನುವಾದ ಮಾಡುತ್ತ ಹೋದರೆ ನಿಧಾನ. 2006ರಲ್ಲಿ ಕುಮ್ರಾನೆಟ್ ಎಂಬ ಇಸ್ರೇಲಿ ಕಂಪನಿಯ ಅವಿ ಕಿವಿಟಿ ಅವರು ಕೆವಿಎಂ ಎಂಬ ಭಾಗವನ್ನು ಲಿನಕ್ಸ್ ಕರ್ನಲ್‌ಗಾಗಿ ಬರೆದರು. 2007ರ ಫೆಬ್ರುವರಿಯಲ್ಲಿ ಬಂದ ಲಿನಕ್ಸ್ 2.6.20ರಲ್ಲಿ ಅದು ಸೇರಿತು. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳ ಹೊಸ ಬೆಂಬಲವನ್ನು ಕೆವಿಎಂ ಬಳಸಿಕೊಳ್ಳುತ್ತದೆ. ಡಿಸ್ಕ್, ಕೀಲಿಮಣೆ, ನೆಟ್‌ವರ್ಕ್ ಕಾರ್ಡ್ ಮುಂತಾದ ಸಾಧನಗಳ ಅನುಕರಣೆಯನ್ನು ಕ್ಯೂಎಂಯು ನೋಡಿಕೊಳ್ಳುತ್ತದೆ. ಎರಡೂ ಸೇರಿ ಒಂದು ಜೋಡೆತ್ತು.

ಸಾಮಾನ್ಯ ಪ್ರೋಗ್ರಾಂ ಕರ್ನಲ್‌ಗೆ ಅರ್ಜಿ ಹಾಕುವುದನ್ನು ಸಿಸ್ಟಂ ಕಾಲ್ ಎನ್ನುತ್ತೇವೆ. ಹಾಗೆಯೇ ಅತಿಥಿಯ ಕರ್ನಲ್ ಹೈಪರ್‌ವೈಸರ್‌ಗೆ ಅರ್ಜಿ ಹಾಕುವುದು ಹೈಪರ್‌ಕಾಲ್. 2008ರ ಏಪ್ರಿಲ್‌ನಲ್ಲಿ ಬಂದ ಲಿನಕ್ಸ್ 2.6.25ರಲ್ಲಿದ್ದ ಕೆವಿಎಂ ಹೈಪರ್‌ಕಾಲ್‌ಗಳ ಮೂಲಕ ಅತಿಥಿಯ ಮೆಮೊರಿ ನಕ್ಷೆಯನ್ನು ಬದಲಿಸುವ ಕೆಲಸವನ್ನೂ ಮಾಡಿಕೊಡುತ್ತಿತ್ತು. ಮೆಮೊರಿ ನಕ್ಷೆ ಎಂದರೆ ಯಾವ ಪುಟ ಯಾರದು ಎಂಬ ದಾಖಲೆ. ನಮ್ಮ ಹೋಲಿಕೆಯಲ್ಲಿ ಅದೇ ದಾಖಲಾತಿ ಪುಸ್ತಕ.

ಹೈಪರ್‌ಕಾಲ್‌ಗೆಂದು ಪ್ರೊಸೆಸರ್‌ನಲ್ಲಿ ಒಂದು ವಿಶೇಷ ಸೂಚನೆ ಇದೆ. ಅತಿಥಿಯೊಳಗಿಂದ ಈ ಸೂಚನೆ ಬಂದರೆ ಇಂಟೆಲ್ ಪ್ರೊಸೆಸರ್ ಅದು ರಿಂಗ್ 0ರಿಂದ ಬಂತೋ 3ರಿಂದ ಬಂತೋ ಎಂದು ವಿಚಾರಿಸದೆ ಹೈಪರ್‌ವೈಸರ್‌ಗೆ ಒಪ್ಪಿಸುತ್ತದೆ. ವಿಚಾರಣೆ ಹೈಪರ್‌ವೈಸರ್‌ನ ಹೊಣೆ. ಅಂದರೆ ಎಲ್ಲ ಕಡೆ ಕಾವಲಿಗೆ ನಿಂತಿದ್ದ ಹಾರ್ಡ್‌ವೇರ್ ಈ ಒಂದು ಬಾಗಿಲಲ್ಲಿ ಕಾವಲನ್ನು ಪ್ರೋಗ್ರಾಂಗೆ ಬಿಟ್ಟುಕೊಟ್ಟಿತ್ತು. ಕೆವಿಎಂನ ಹೈಪರ್‌ಕಾಲ್ ವಿಭಾಗದಲ್ಲಿ ಆ ವಿಚಾರಣೆಯ ಸಾಲೇ ಇರಲಿಲ್ಲ.

ಪರಿಣಾಮ ಏನು? ಅತಿಥಿಯೊಳಗೆ ರಿಂಗ್ 3ರಲ್ಲಿರುವ ಒಂದು ಸಾಮಾನ್ಯ ಪ್ರೋಗ್ರಾಂ, ತನ್ನ ಕರ್ನಲ್‌ನ ಅಪ್ಪಣೆ ಇಲ್ಲದೆ, ಅದಕ್ಕೆ ಗೊತ್ತೂ ಆಗದಂತೆ, ನೇರವಾಗಿ ಹೈಪರ್‌ವೈಸರ್‌ಗೆ ಮೆಮೊರಿ ನಕ್ಷೆಯ ಬಗ್ಗೆ ಆಜ್ಞೆ ಕೊಡಬಹುದಿತ್ತು. ಅರ್ಜಿಯ ವಿವರಗಳನ್ನು ಮೆಮೊರಿಯ ಯಾವ ಭೌತಿಕ ವಿಳಾಸದಲ್ಲಿ ಬರೆದಿಟ್ಟಿದೆ ಎಂದು ಹೇಳಬೇಕಾಗಿತ್ತು. ಸಾಮಾನ್ಯ ಪ್ರೋಗ್ರಾಂಗೆ ಭೌತಿಕ ವಿಳಾಸಗಳು ತಿಳಿದಿರುವುದಿಲ್ಲ. ಆದ್ದರಿಂದ ತಾನೇ ತಯಾರಿಸಿದ ಅರ್ಜಿಯನ್ನು ಮುಂದಿಡುವುದು ಅದಕ್ಕೆ ಕಷ್ಟ. ಆದರೆ ಬಾಯಿಗೆ ಬಂದ ಒಂದು ವಿಳಾಸ ಹೇಳಿದರೂ ಸಾಕು, ಹೈಪರ್‌ವೈಸರ್ ಅಲ್ಲಿದ್ದ ಕಸವನ್ನೇ ಆಜ್ಞೆ ಎಂದು ತಿಳಿದು ನಡೆಸುತ್ತಿತ್ತು. ಅತಿಥಿಯ ಕರ್ನಲ್ ಕುಸಿದು ಬೀಳುತ್ತಿತ್ತು.

ಸೀಮೆನ್ಸ್ ಕಂಪನಿಯ ಎಂಜಿನಿಯರ್ ಯಾನ್ ಕಿಸ್ಕ 2009ರಲ್ಲಿ ಇದಕ್ಕೆ ಪರಿಹಾರ ಬರೆದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಲಿನಕ್ಸ್ 2.6.31ರಲ್ಲಿ ಅದು ಸೇರಿತು. ಜಗತ್ತಿನ ಸುರಕ್ಷತಾ ದೋಷಗಳ ಪಟ್ಟಿಯಲ್ಲಿ ಇದರ ಸಂಖ್ಯೆ ಸಿವಿಇ-2009-3290. ಪರಿಹಾರ ಎಷ್ಟು ದೊಡ್ಡದಿತ್ತು ಗೊತ್ತೇ? ಅದರ ತಿರುಳನ್ನು ಕನ್ನಡದಲ್ಲಿ ಬರೆದರೆ ಇಷ್ಟೇ:

ಹೈಪರ್‌ಕಾಲ್ ಬಂದಿದೆ.
ಕರೆದವರ ಅಧಿಕಾರ ಮಟ್ಟ 0 ಅಲ್ಲದಿದ್ದರೆ, "ಅನುಮತಿ ಇಲ್ಲ" ಎಂದು ಹಿಂದಕ್ಕೆ ಕಳುಹಿಸು.
0 ಆಗಿದ್ದರೆ ಮಾತ್ರ ಕೆಲಸ ನಡೆಸು.

ಒಂದೇ ಒಂದು "ಇಫ್" ವಾಕ್ಯ. ನೀವು ಪ್ರಥಮ ಪಿಯುಸಿಯ ಮೊದಲ ತಿಂಗಳುಗಳಲ್ಲೇ ಕಲಿಯುವಂಥದ್ದು. ಬರೆಯುವುದು ಕಷ್ಟವಿರಲಿಲ್ಲ. ಅದು ಇಲ್ಲಿ ಬೇಕು ಎಂದು ಕಾಣುವುದು ಕಷ್ಟವಾಗಿತ್ತು. ಕೆವಿಎಂ ಬರೆದವರು ಸಾಮಾನ್ಯರಲ್ಲ, ಬಹಳ ನುರಿತವರು. ಇದ್ದ ಕೋಡಿನಲ್ಲಿ ತಪ್ಪನ್ನು ಹುಡುಕಬಹುದು. ಇರಬೇಕಾಗಿದ್ದೂ ಇಲ್ಲದ ಸಾಲು ಕಣ್ಣಿಗೆ ಬೀಳುವುದಿಲ್ಲ.

ಮುದ್ರೆ ಬೀಳುವಷ್ಟರಲ್ಲಿ ಬದಲಾದ ಕಾಗದ

ಕೆಲವೇ ತಿಂಗಳಲ್ಲಿ ಇದರ ಸಹೋದರ ದೋಷವೊಂದು ಸಿಕ್ಕಿತು. 2010ರ ಫೆಬ್ರುವರಿಯಲ್ಲಿ ಪ್ರಕಟವಾದ ಅದರ ಸಂಖ್ಯೆ ಸಿವಿಇ-2010-0298. ಇದು ಕೆವಿಎಂನ ಒಳಗೇ ಇರುವ ಪುಟ್ಟ ಎಮ್ಯುಲೇಟರ್‌ನದು.

ಪ್ರೊಸೆಸರ್‌ನ ಬೆಂಬಲ ಇದ್ದ ಮೇಲೆ ಕೆವಿಎಂಗೆ ಎಮ್ಯುಲೇಟರ್ ಏಕೆ ಬೇಕು? ಅತಿಥಿ ಒಂದು ಸಾಧನವನ್ನು ಮುಟ್ಟಲು ಹೋದಾಗ ಪ್ರೊಸೆಸರ್ ತಡೆಯುತ್ತದೆ. ಆದರೆ ಅತಿಥಿ ಏನು ಮಾಡಹೊರಟಿತ್ತು ಎಂಬ ಪೂರ್ತಿ ವಿವರ ಎಲ್ಲ ಸಂದರ್ಭಗಳಲ್ಲೂ ಸಿಗುವುದಿಲ್ಲ. ಆಗ ಕೆವಿಎಂ ಅತಿಥಿಯ ಮೆಮೊರಿಯಿಂದ ಆ ಸೂಚನೆಯನ್ನು ತಾನೇ ತಂದು, ಓದಿ, ಅನುಕರಿಸಬೇಕು. ಹೀಗೆ ಅನುಕರಿಸುವಾಗ ಮೆಮೊರಿಯನ್ನೂ ಓದಬೇಕು, ಬರೆಯಬೇಕು. ನಿಜ ಪ್ರೊಸೆಸರ್ ಆಗಿದ್ದರೆ ಪ್ರತಿಯೊಂದು ಓದಿಗೂ "ಈ ಪುಟ ಕರ್ನಲ್‌ನದೇ? ಕೇಳುತ್ತಿರುವುದು ರಿಂಗ್ 3 ತಾನೇ?" ಎಂದು ನೋಡುತ್ತಿತ್ತು. ಈ ಎಮ್ಯುಲೇಟರ್ ನೋಡುತ್ತಿರಲಿಲ್ಲ.

"ಆದರೇನು? ಕಾವಲು ದಾಟಿ ಬಂದ ಸೂಚನೆ ತಾನೇ ಅದರ ಕೈಗೆ ಸಿಗುವುದು?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ದಾಳಿಕೋರನ ಜಾಣತನ ಇರುವುದು ಅಲ್ಲೇ. ಒಂದು ಪ್ರೋಗ್ರಾಂ ತನಗೆ ಅನುಮತಿ ಇರುವ ಸಾಧನವನ್ನು ಮುಟ್ಟುವ ಒಂದು ನಿರಪಾಯಕಾರಿ ಸೂಚನೆ ಕೊಡುತ್ತದೆ. ಪ್ರೊಸೆಸರ್ ತಡೆದು ಕೆವಿಎಂಗೆ ಒಪ್ಪಿಸುತ್ತದೆ. ಕೆವಿಎಂ ಆ ಸೂಚನೆಯನ್ನು ಮೆಮೊರಿಯಿಂದ ತರುವ ಮೊದಲೇ, ಅದೇ ಪ್ರೋಗ್ರಾಂನ ಇನ್ನೊಂದು ಎಳೆ ಅತಿಥಿಯ ಇನ್ನೊಂದು ಪ್ರೊಸೆಸರ್‌ನಲ್ಲಿ ಓಡುತ್ತ, ಆ ಜಾಗದಲ್ಲಿ ಬೇರೆ ಸೂಚನೆಯನ್ನು ಬರೆದುಬಿಡುತ್ತದೆ. ಕಿಟಕಿಯಲ್ಲಿ ತೋರಿಸಿದ ಅರ್ಜಿ ಒಂದು, ಮೇಜಿನ ಮೇಲೆ ಮುದ್ರೆ ಬಿದ್ದ ಅರ್ಜಿ ಇನ್ನೊಂದು. ಎಮ್ಯುಲೇಟರ್ ಆ ಹೊಸ ಸೂಚನೆಯನ್ನು ಯಾವ ದರ್ಜೆಯ ಪರೀಕ್ಷೆಯೂ ಇಲ್ಲದೆ ನಡೆಸುತ್ತದೆ. ಈ ದಾರಿಯಲ್ಲಿ ಅತಿಥಿಯ ಸಾಮಾನ್ಯ ಬಳಕೆದಾರ ಅತಿಥಿಯ ಕರ್ನಲ್‌ನ ಅಧಿಕಾರವನ್ನೇ ಪಡೆಯಲು ಸಾಧ್ಯವಿತ್ತು.

ಪರೀಕ್ಷಿಸುವ ಹೊತ್ತಿಗೂ ಬಳಸುವ ಹೊತ್ತಿಗೂ ನಡುವಿನ ಬಿರುಕನ್ನು ಬಳಸಿಕೊಳ್ಳುವ ಈ ತಂತ್ರ ಕಂಪ್ಯೂಟರ್ ಸುರಕ್ಷತೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಪರಿಹಾರ ಎರಡು ಭಾಗದ್ದು: ಒಮ್ಮೆ ತಂದ ಪ್ರತಿಯನ್ನೇ ಪರೀಕ್ಷಿಸಿ ಅದನ್ನೇ ಬಳಸಬೇಕು, ಮತ್ತು ಅನುಕರಿಸುವವನು ನಿಜ ಪ್ರೊಸೆಸರ್‌ನ ಪ್ರತಿಯೊಂದು ನಿರ್ಬಂಧವನ್ನೂ ಅನುಕರಿಸಬೇಕು.

ಎರಡನೆಯ ಗಡಿಗೆ ದಾರಿ

ಇಲ್ಲಿಯವರೆಗೆ ಹೇಳಿದ ಎರಡೂ ದೋಷಗಳು ಅತಿಥಿಯ ಒಳಗಿನವು. "ಅತಿಥಿಯ ಮನೆಯೊಳಗಿನ ಜಗಳ, ಹೋಸ್ಟ್‌ಗೆ ಏನು?" ಎಂದು ಬಿಟ್ಟುಬಿಡಬಹುದೇ? ಬಿಡಬಾರದು ಎಂಬುದಕ್ಕೆ 2015ರ ಒಂದು ಪ್ರಕರಣ ನೋಡಿ.

ಆ ವರ್ಷದ ಮೇ 13ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಜೇಸನ್ ಗೆಫ್ನರ್ ಕಂಡುಹಿಡಿದ ಒಂದು ದೋಷ ಪ್ರಕಟವಾಯಿತು. ಅದಕ್ಕೆ ವೆನಮ್, ಅಂದರೆ ವಿಷ ಎಂದು ಹೆಸರಿಟ್ಟರು. ಅದು ಇದ್ದದ್ದು ಕ್ಯೂಎಂಯು ಅನುಕರಿಸುವ ಫ್ಲಾಪಿ ಡಿಸ್ಕ್ ನಿಯಂತ್ರಕದಲ್ಲಿ. ಫ್ಲಾಪಿಯನ್ನು ನಿಮ್ಮಲ್ಲಿ ಯಾರೂ ಬಳಸಿರಲಾರಿರಿ. ಆದರೂ 2004ರಲ್ಲಿ ಸೇರಿದ ಆ ಕೋಡ್ 11 ವರ್ಷ ಅಲ್ಲೇ ಇತ್ತು. ನಿಯಂತ್ರಕಕ್ಕೆ ಬರುವ ಆಜ್ಞೆಗಳನ್ನು ಇಡಲು 512 ಬೈಟ್‌ಗಳ ಜಾಗ ಮೀಸಲಾಗಿತ್ತು. ಕೆಲವು ಆಜ್ಞೆಗಳು ಬಂದಾಗ ಎಣಿಕೆಯನ್ನು ಮತ್ತೆ ಸೊನ್ನೆಗೆ ತರುವುದು ತಪ್ಪಿಹೋಗುತ್ತಿತ್ತು. ಬರುವ ಬೈಟ್‌ಗಳು ಆ ಜಾಗ ದಾಟಿ ಪಕ್ಕದ ಮೆಮೊರಿಗೆ ಹರಿಯುತ್ತಿದ್ದವು. ಆ ಪಕ್ಕದ ಮೆಮೊರಿ ಹೋಸ್ಟ್‌ನಲ್ಲಿ ಓಡುವ ಕ್ಯೂಎಂಯುವಿನದು. ಅತಿಥಿಯೊಳಗೆ ಕುಳಿತವನು ಹೋಸ್ಟ್‌ನಲ್ಲಿ ತನ್ನ ಕೋಡ್ ಓಡಿಸುವ ಸಾಧ್ಯತೆ ತೆರೆದುಕೊಂಡಿತು.

ಲಿನಕ್ಸ್ ಅತಿಥಿಯಲ್ಲಿ ಫ್ಲಾಪಿ ನಿಯಂತ್ರಕದ ಜೊತೆ ನೇರವಾಗಿ ಮಾತಾಡಲು ರೂಟ್ ಅಧಿಕಾರ ಬೇಕು. ಸಾಮಾನ್ಯ ಬಳಕೆದಾರನಿಗೆ ಅದು ಸಿಗದು. ಈಗ ಎರಡು ಬಗೆಯ ದೋಷಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಮೊದಲ ಬಗೆಯದು ಸಾಮಾನ್ಯ ಬಳಕೆದಾರನನ್ನು ಅತಿಥಿಯ ಕರ್ನಲ್‌ವರೆಗೆ ಏರಿಸುತ್ತದೆ. ಎರಡನೆಯ ಬಗೆಯದು ಅಲ್ಲಿಂದ ಹೋಸ್ಟ್‌ಗೆ ದಾಟಿಸುತ್ತದೆ. ಅಂಗಳದ ಗೇಟು ಮುರಿದರೆ ಕಳ್ಳ ಮನೆಯೊಳಗೆ ಬಂದಂತಾಗಲಿಲ್ಲ, ನಿಜ. ಆದರೆ ಬಾಗಿಲ ಚಿಲಕದ ಎದುರು ನಿಲ್ಲಲು ಅವನಿಗೆ ಜಾಗ ಸಿಕ್ಕಿತು.

ಇನ್ನೂ ಹತ್ತಿರದ ಕಾಲದ ಉದಾಹರಣೆ 2021ರದು. ವರ್ಚುವಲ್ ಮೆಷಿನ್‌ನೊಳಗೆ ಮತ್ತೊಂದು ವರ್ಚುವಲ್ ಮೆಷಿನ್ ಓಡಿಸುವ ಸೌಲಭ್ಯ ಕೆವಿಎಂನಲ್ಲಿದೆ. ಒಳ ಅತಿಥಿಯನ್ನು ಹೇಗೆ ಓಡಿಸಬೇಕು ಎಂಬ ಪಟ್ಟಿಯನ್ನು ಹೊರ ಅತಿಥಿ ತನ್ನ ಮೆಮೊರಿಯಲ್ಲಿ ಬರೆದಿಡುತ್ತದೆ. ಕೆವಿಎಂ ಅದನ್ನು ಓದಿ ನಡೆಸುತ್ತದೆ. ಎಎಂಡಿ ಪ್ರೊಸೆಸರ್‌ಗಳಿಗೆಂದು ಬರೆದ ಭಾಗದಲ್ಲಿ ಆ ಪಟ್ಟಿಯನ್ನು ಒಮ್ಮೆ ಪರೀಕ್ಷಿಸಿ, ಮತ್ತೆ ಅತಿಥಿಯ ಮೆಮೊರಿಯಿಂದಲೇ ಓದಿ ಬಳಸಲಾಗುತ್ತಿತ್ತು. ಎರಡು ಓದುಗಳ ನಡುವೆ ಅತಿಥಿ ಪಟ್ಟಿಯನ್ನು ಬದಲಿಸಬಹುದಿತ್ತು. ಗೂಗಲ್‌ನ ಪ್ರಾಜೆಕ್ಟ್ ಝೀರೊ ತಂಡದ ಫೆಲಿಕ್ಸ್ ವಿಲ್‌ಹೆಲ್ಮ್ ಇದನ್ನು ಕಂಡುಹಿಡಿದು, ಕ್ಯೂಎಂಯುವಿನ ಸಹಾಯವೇ ಬೇಡದೆ ಅತಿಥಿಯಿಂದ ನೇರ ಹೋಸ್ಟ್‌ನ ಕರ್ನಲ್‌ಗೆ ತಲುಪಬಹುದೆಂದು ತೋರಿಸಿಕೊಟ್ಟರು. ಸಂಖ್ಯೆ ಸಿವಿಇ-2021-29657. ಲಿನಕ್ಸ್ 5.11.12ರಲ್ಲಿ ಅದು ದುರಸ್ತಿಯಾಯಿತು. 2010ರ ಪಾಠ ಹನ್ನೊಂದು ವರ್ಷಗಳ ಬಳಿಕ ಬೇರೊಂದು ಕೋಣೆಯಲ್ಲಿ ಮತ್ತೆ ಬೇಕಾಯಿತು.

ಇದರಿಂದ ನಮಗೇನು?

ಪುತ್ತೂರು, ಸುಳ್ಯ, ಕಡಬದಲ್ಲಿ ಕುಳಿತ ನಮಗೆ ಇದು ದೂರದ ಸಂಗತಿ ಅನ್ನಿಸಬಹುದು. ನಾವು ದಿನವೂ ಬಳಸುವ ಎಷ್ಟೋ ಸೇವೆಗಳು ಯಾರದೋ ದೊಡ್ಡ ಸರ್ವರ್‌ನೊಳಗಿನ ವರ್ಚುವಲ್ ಮೆಷಿನ್‌ಗಳಲ್ಲಿ ಓಡುತ್ತವೆ. ಗೂಗಲ್ ತನ್ನ ಕ್ಲೌಡ್‌ನಲ್ಲಿ ಬಾಡಿಗೆಗೆ ಕೊಡುವ ಯಂತ್ರಗಳು ಕೆವಿಎಂ ಮೇಲೆಯೇ ನಿಂತಿವೆ. ಒಂದೇ ಸರ್ವರ್‌ನಲ್ಲಿ ಒಂದು ಆಸ್ಪತ್ರೆಯ ದಾಖಲೆ, ಒಂದು ಅಂಗಡಿಯ ಲೆಕ್ಕ, ಯಾವನೋ ಅಪರಿಚಿತ ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆದ ಯಂತ್ರ ಅಕ್ಕಪಕ್ಕ ಇರಬಹುದು. ಅವರ ನಡುವೆ ಇಟ್ಟಿಗೆಯ ಗೋಡೆ ಇಲ್ಲ. ನಾನು ಮೇಲೆ ವಿವರಿಸಿದ "ಇಫ್" ವಾಕ್ಯಗಳೇ ಗೋಡೆ. ನಿಮ್ಮಲ್ಲಿ ಹಲವರು ಮುಂದೆ ಮಂಗಳೂರಿಗೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋಗಿ ಇಂತಹ ಯಂತ್ರಗಳನ್ನು ನೋಡಿಕೊಳ್ಳುವವರು. ಆ ಗೋಡೆಯ ಒಂದು ಇಟ್ಟಿಗೆ ನಿಮ್ಮ ಕೈಯಲ್ಲೂ ಇರುತ್ತದೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪ್ರಾಜೆಕ್ಟ್‌ಗೆಂದು ನೀವು ಪೈಥಾನ್‌ನಲ್ಲಿ ಅಂಕಪಟ್ಟಿಯ ಪ್ರೋಗ್ರಾಂ ಬರೆಯುತ್ತೀರಿ. ಶಿಕ್ಷಕರಾಗಿ ಲಾಗಿನ್ ಆದರೆ "ಅಂಕ ತಿದ್ದು" ಎಂಬ ಆಯ್ಕೆ ಕಾಣುತ್ತದೆ. ವಿದ್ಯಾರ್ಥಿಯಾಗಿ ಲಾಗಿನ್ ಆದರೆ ಕಾಣುವುದಿಲ್ಲ. ಇಷ್ಟು ಮಾಡಿ ಸುರಕ್ಷಿತವಾಯಿತು ಎಂದುಕೊಳ್ಳುತ್ತೀರಿ. ಆದರೆ ಅಂಕ ತಿದ್ದುವ ಫಂಕ್ಷನ್‌ನ ಒಳಗೆ "ಕರೆದವರು ಶಿಕ್ಷಕರೇ?" ಎಂಬ ಪ್ರಶ್ನೆ ಇದೆಯೇ? ಇಲ್ಲದಿದ್ದರೆ, ಮೆನುವನ್ನು ಬಳಸಿ ಬೇರೆ ದಾರಿಯಿಂದ ಆ ಫಂಕ್ಷನ್ ತಲುಪಿದವನು ಅಂಕವನ್ನು ತಿದ್ದಬಲ್ಲ. ಮೆನುವಿನಲ್ಲಿ ಹೆಸರು ಅಡಗಿಸುವುದು ಕಾವಲಲ್ಲ. ಕೆಲಸ ನಡೆಯುವ ಜಾಗದಲ್ಲೇ ಕಾವಲು ಇರಬೇಕು. 2009ರ ದೋಷಕ್ಕೂ ಇದಕ್ಕೂ ಗಾತ್ರದಲ್ಲಿ ಮಾತ್ರ ವ್ಯತ್ಯಾಸ.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರ? ಒಳಗಿನ ಲಿನಕ್ಸ್‌ಗೆ ಬಂದ ವೈರಸ್ ಹೊರಗೆ ಬರಬೇಕಾದರೆ ಎರಡು ಗಡಿಗಳನ್ನು ದಾಟಬೇಕು. ದುರಸ್ತಿಗಳೆಲ್ಲ ಸೇರಿರುವ ಯಂತ್ರದಲ್ಲಿ ಅದು ಬಹಳ ಕಷ್ಟ. ಹಳೆಯದಾಗಿ ಬಿಟ್ಟ ಯಂತ್ರದಲ್ಲಿ ಅಷ್ಟು ಕಷ್ಟವಲ್ಲ, ಏಕೆಂದರೆ ದುರಸ್ತಿಯಾದ ದೋಷಗಳ ಪಟ್ಟಿ ದಾಳಿಕೋರನ ಕೈಯಲ್ಲೂ ಇರುತ್ತದೆ. ಇದಲ್ಲದೆ ಇನ್ನೊಂದು ಸುಲಭದ ದಾರಿ ನಾವೇ ತೆರೆದುಕೊಡುವುದು. ಹೋಸ್ಟ್‌ನ ಫೋಲ್ಡರ್ ಅನ್ನು ಅತಿಥಿಯ ಜೊತೆ ಹಂಚಿಕೊಂಡಿದ್ದರೆ ವೈರಸ್‌ಗೆ ಯಾವ ಗಡಿಯನ್ನೂ ಮುರಿಯುವ ಅಗತ್ಯವಿಲ್ಲ. ಆದ್ದರಿಂದ ಮೂರು ಅಭ್ಯಾಸ ಬೆಳೆಸಿಕೊಳ್ಳಿ. ಹೋಸ್ಟ್ ಮತ್ತು ಅತಿಥಿ ಎರಡನ್ನೂ ಅಪ್‌ಡೇಟ್ ಮಾಡಿ. ಅತಿಥಿಯಲ್ಲಿ ದಿನದ ಕೆಲಸಕ್ಕೆ ರೂಟ್ ಆಗಿ ಕೂರಬೇಡಿ. ಬೇಡದ ಸಾಧನ ಮತ್ತು ಹಂಚಿಕೆಗಳನ್ನು ತೆಗೆದುಹಾಕಿ.

ಒಂದು ಎಚ್ಚರಿಕೆಯ ಮಾತು. ಇಂತಹ ಪ್ರಯೋಗಗಳನ್ನು ನಿಮ್ಮ ಸ್ವಂತ ವರ್ಚುವಲ್ ಮೆಷಿನ್‌ನಲ್ಲಿ ಮಾಡಿ. ಅದಕ್ಕೆಂದೇ ಅದು ಇರುವುದು. ಇನ್ನೊಬ್ಬರ ಯಂತ್ರಕ್ಕೆ ಅನುಮತಿಯಿಲ್ಲದೆ ದುರುದ್ದೇಶದಿಂದ ಕೈಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ 66ನೇ ಕಲಮಿನ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನಿಜವಾಗಿ ದೋಷವೊಂದು ಕಣ್ಣಿಗೆ ಬಿದ್ದರೆ ಅದನ್ನು ತಯಾರಿಸಿದವರಿಗೆ ಅಥವಾ ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸುವ ಕ್ರಮವಿದೆ. ಕಿಸ್ಕ, ಗೆಫ್ನರ್, ವಿಲ್‌ಹೆಲ್ಮ್ ಇವರ ಹೆಸರು ಇಂದು ಗೌರವದಿಂದ ಉಳಿದಿರುವುದು ಅವರು ದೋಷ ಕಂಡದ್ದಕ್ಕೆ ಮಾತ್ರವಲ್ಲ, ದುರಸ್ತಿಗೆ ದಾರಿ ಮಾಡಿದ್ದಕ್ಕೆ.

ಅಭ್ಯಾಸಕ್ಕೆ

1. ಅಧಿಕಾರ ಮಟ್ಟಕ್ಕೆ ಎರಡು ಬಿಟ್ ಬದಲು ಮೂರು ಬಿಟ್ ಇದ್ದರೆ ಎಷ್ಟು ದರ್ಜೆಗಳು ಸಾಧ್ಯ? ಇಂದಿನ ಆಪರೇಟಿಂಗ್ ಸಿಸ್ಟಂಗಳಿಗೆ ಅದರಿಂದ ಪ್ರಯೋಜನವಿದೆಯೇ? ಕಾರಣ ಬರೆಯಿರಿ.

2. ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಹೇಳಿದ ಮೂರು ಲಕ್ಷಣಗಳಲ್ಲಿ 2009ರ ದೋಷ ಯಾವುದನ್ನು ಮುರಿಯಿತು? ವೆನಮ್ ಯಾವುದನ್ನು ಮುರಿಯಿತು? ಸುಳಿವು: ನಿಜ ಯಂತ್ರದಲ್ಲಿ ರಿಂಗ್ 3ರ ಪ್ರೋಗ್ರಾಂ ಮೆಮೊರಿ ನಕ್ಷೆಯನ್ನು ಬದಲಿಸಬಲ್ಲುದೇ?

3. ಲ್ಯಾಬಿನ ಲಿನಕ್ಸ್ ಯಂತ್ರದಲ್ಲಿ ಪ್ರೊಸೆಸರ್‌ನ ವಿವರ ತೋರಿಸುವ "ಎಲ್‌ಎಸ್‌ಸಿಪಿಯು" ಆಜ್ಞೆ ಕೊಟ್ಟು, ವರ್ಚುವಲೈಸೇಶನ್ ಎಂಬ ಸಾಲನ್ನು ಹುಡುಕಿ. ಅಲ್ಲಿ ಕಂಡದ್ದನ್ನು ಬರೆದಿಟ್ಟುಕೊಳ್ಳಿ. ಅದೇ ಆಜ್ಞೆಯನ್ನು ವರ್ಚುವಲ್ ಮೆಷಿನ್‌ನೊಳಗೆ ಕೊಟ್ಟು ವ್ಯತ್ಯಾಸ ಗಮನಿಸಿ.

4. ನೀವು ಈಗಾಗಲೇ ಬರೆದಿರುವ ಯಾವುದಾದರೂ ಒಂದು ಪ್ರೋಗ್ರಾಂ ತೆಗೆದುಕೊಳ್ಳಿ. ದಾಖಲೆಯನ್ನು ಬದಲಿಸುವ ಪ್ರತಿಯೊಂದು ಫಂಕ್ಷನ್‌ನ ಮೊದಲ ಸಾಲಿನಲ್ಲಿ ನಿಂತು ಕೇಳಿ: ಕೇಳುತ್ತಿರುವವರು ಯಾರು? ಉತ್ತರ ಕೋಡಿನಲ್ಲಿ ಇಲ್ಲದಿದ್ದರೆ ಸೇರಿಸಿ.

ನಾಲ್ಕನೆಯದನ್ನು ಮಾಡಿದವರು ತಿದ್ದುವ ಮೊದಲಿನ ಮತ್ತು ನಂತರದ ಪ್ರತಿಗಳೆರಡನ್ನೂ ಲ್ಯಾಬಿಗೆ ತನ್ನಿ. ಒಟ್ಟಿಗೆ ಕುಳಿತು ನೋಡೋಣ.